ಅಪಘಾತದ ಮಹಜರು

ಮಂಡ್ಯವನ್ನು ದಾಟಿ ಶ್ರೀರಂಗಪಟ್ಟಣದ ಕಡೆಗೆ ಹೊರಟವರಿಗೆ ಯಲಿಯೂರು ಸಿಗುತ್ತದೆ. ಸುತ್ತ ಕಬ್ಬು, ಭತ್ತ, ನಾಲೆಯ ನೀರು. ಊರಿಗೊಂದು ಚಿಕ್ಕ ರೈಲು ನಿಲ್ದಾಣವುಂಟು. ಬೆಂಗಳೂರು–ಮೈಸೂರು ಹೆದ್ದಾರಿಯೂ ಇದೇ ಸೀಮೆಯಲ್ಲಿ ಹಾದುಹೋಗುತ್ತದೆ. ರೈಲುದಾರಿ ಬಂದುದು ಧಾತು–ಈಶ್ವರ ಸಂವತ್ಸರಗಳ ದೊಡ್ಡ ಕ್ಷಾಮದ ಬೆನ್ನಿಗೆ, 1880ರ ದಶಕದ ಆರಂಭದಲ್ಲಿ. ರಸ್ತೆ ಅದಕ್ಕಿಂತ ಹಳೆಯದು. ಒಂದೇ ಎರಡು ಪಟ್ಟಣಗಳಿಗೆ ಒಂದೇ ಜನರನ್ನು ಒಯ್ಯುವ ಈ ಎರಡು ದಾರಿಗಳ ಮೇಲೆ ಮನುಷ್ಯ ಸತ್ತರೆ ನಡೆಯುವ ವಿಚಾರಣೆ ಮಾತ್ರ ಒಂದೇ ಅಲ್ಲ. ಆ ವ್ಯತ್ಯಾಸವೇ ಇಂದಿನ ನನ್ನ ಮಾತಿನ ವಿಷಯ.

ಪ್ರಯಾಣಿಕರ ರೈಲು ಉರುಳಿ ಪ್ರಾಣಹಾನಿಯಾಯಿತೆನ್ನಿ. ರೈಲ್ವೆ ಸುರಕ್ಷತಾ ಆಯುಕ್ತರು ಬರುತ್ತಾರೆ. ದಕ್ಷಿಣ ವೃತ್ತದ ಆಯುಕ್ತರ ಕಚೇರಿ ಇರುವುದು ಬೆಂಗಳೂರಿನಲ್ಲೇ. ವೃತ್ತಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ಕಂಡದ್ದನ್ನು ಹೇಳಬಯಸುವ ಯಾರೇ ಆಗಲಿ ಬಂದು ಹೇಳಬಹುದೆಂದು ಸಾರ್ವಜನಿಕರನ್ನು ಕರೆಯುತ್ತಾರೆ. ಸ್ವಾರಸ್ಯವೇನೆಂದರೆ ಈ ಆಯುಕ್ತರು ರೈಲ್ವೆ ಮಂತ್ರಾಲಯಕ್ಕೆ ಸೇರಿದವರಲ್ಲ. ನಾಗರಿಕ ವಿಮಾನಯಾನದ ಮಂತ್ರಾಲಯಕ್ಕೆ ಸೇರಿದವರು. ಹಳಿಗೂ ವಿಮಾನಕ್ಕೂ ಏನು ನಂಟು ಎಂದು ಕೇಳಿದರೆ, ನಂಟಿಲ್ಲದಿರುವುದೇ ಅದರ ಗುಣ. ಮೊದಲು ಈ ಇನ್‌ಸ್ಪೆಕ್ಟರುಗಳು ರೈಲ್ವೆ ಮಂಡಲಿಯ ಅಧೀನದಲ್ಲಿಯೇ ಇದ್ದರು. 1937ರ ಜುಲೈಯಲ್ಲಿ ಪಟ್ನಾದ ಬಳಿ ಬಿಹ್ಟಾದಲ್ಲಿ ರೈಲು ಉರುಳಿ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಪೆಸಿಫಿಕ್ ಎಂಜಿನುಗಳ ಪರಿಶೀಲನೆಗೆ ಕುಳಿತ ಸಮಿತಿ, ರೈಲು ಓಡಿಸುವವರೇ ರೈಲಿನ ತಪ್ಪನ್ನು ಅಳೆಯಬಾರದೆಂಬ ಮಾತಿಗೆ ಬಲ ಕೊಟ್ಟಿತು. 1941ರಲ್ಲಿ ಇನ್‌ಸ್ಪೆಕ್ಟರುಗಳನ್ನು ಬೇರ್ಪಡಿಸಿ, ಅಂಚೆ ಮತ್ತು ವಿಮಾನ ಇಲಾಖೆಯ ಕೆಳಗಿಟ್ಟರು. ಅಂದು ಮಾಡಿದ ಆ ಬೇರ್ಪಾಟು ಇಂದಿಗೂ ನಿಂತಿದೆ.

ಈಗ ರಸ್ತೆಗೆ ಬನ್ನಿ. ರಾತ್ರಿ ಕಬ್ಬಿನ ಗಾಡಿಗೆ ಹಿಂದಿನಿಂದ ಲಾರಿ ಬಡಿಯಿತೆನ್ನಿ. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದ ಮಂಡ್ಯದ ಸೀಮೆಯಲ್ಲಿ ಇದು ಯಾರಿಗೂ ಅಪರಿಚಿತ ದೃಶ್ಯವಲ್ಲ: ದೀಪವಿಲ್ಲದ ಗಾಡಿ, ಹೊರೆಯ ಹಿಂದೆ ಕಾಣದ ಎತ್ತುಗಳು, ಗಾಡಿಯಲ್ಲೇ ತೂಕಡಿಸುವ ಮನುಷ್ಯ. ಅಲ್ಲಿಗೆ ಬರುವವರು ಠಾಣೆಯವರು. ಟೇಪು ಹಿಡಿದು ಅಳೆಯುತ್ತಾರೆ, ಕೈಯಲ್ಲೊಂದು ನಕ್ಷೆ ಗೀಚುತ್ತಾರೆ. ಹತ್ತಿರದ ಕಾಫಿ ಹೋಟೆಲಿನಿಂದಲೋ ಹೊಲದಿಂದಲೋ ಇಬ್ಬರು ಪಂಚರು ಬಂದು ಸಹಿ ಹಾಕುತ್ತಾರೆ. ಒಂದೆರಡು ದಿನಗಳಲ್ಲಿ ಬ್ರೇಕ್ ಇನ್‌ಸ್ಪೆಕ್ಟರು ಬಂದು ವಾಹನವನ್ನು ನೋಡುತ್ತಾರೆ. ವಿಚಾರಣೆಯ ಅಡಿಪಾಯ ಇಷ್ಟೇ. ಆ ಗಾಡಿಯ ಕುಟುಂಬಕ್ಕೆ ಮುಂದೆ ಅನ್ನ ಸಿಗುವುದೂ ಬಿಡುವುದೂ, ಆ ಲಾರಿಯವನು ಜೈಲಿಗೆ ಹೋಗುವುದೂ ಬಿಡುವುದೂ ಈ ನಾಲ್ಕು ಹಾಳೆಗಳನ್ನು ಅವಲಂಬಿಸಿವೆ.

ಮಹಜರು ಎಂಬುದು ಅರಬ್ಬೀ ಮೂಲದಿಂದ ಪಾರ್ಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದ ಪದ; ಎದುರಿನಲ್ಲಿರುವುದು, ಸಮಕ್ಷಮ ಎಂಬುದು ಅದರ ಮೂಲಾರ್ಥ. ಜನರ ಎದುರಿನಲ್ಲಿ ಕಂಡದ್ದನ್ನು ಬರೆಯುವುದು. ಕನ್ನಡದ ಪಾಠ ಹೇಳಿ ನಿವೃತ್ತನಾದ ನನಗೆ ಇದು ಒಂದು ಗದ್ಯಪ್ರಕಾರವಾಗಿಯೇ ಕಾಣುತ್ತದೆ. ದುರದೃಷ್ಟದಿಂದ, ಬಹಳ ಬೇಗ ಜಡ್ಡುಗಟ್ಟಿದ ಪ್ರಕಾರ. ಅದರ ಪ್ರಾಣವಾಕ್ಯ ನಿಮಗೂ ಗೊತ್ತು. ಚಾಲಕನು ವಾಹನವನ್ನು ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಚಲಾಯಿಸಿಕೊಂಡು ಬಂದು ಎಂದು ಅದು ಆರಂಭವಾಗುತ್ತದೆ. ಪತ್ರಿಕೆಯಲ್ಲಿ ಓದಿದ್ದೇವೆ, ನ್ಯಾಯಾಲಯದಲ್ಲಿ ಕೇಳಿದ್ದೇವೆ. ಇದು ಎಲ್ಲಿಂದ ಬಂತು? 1860ರ ದಂಡಸಂಹಿತೆಯ 279ನೆಯ ಕಲಮು ಮತ್ತು 1870ರಲ್ಲಿ ಸೇರಿಸಿದ 304-ಎ ಕಲಮುಗಳಿಂದ. 2024ರ ಜುಲೈಯಿಂದ ಅವುಗಳ ಜಾಗದಲ್ಲಿ ಹೊಸ ಸಂಹಿತೆಯ ಕಲಮುಗಳಿವೆ. ಆದರೆ ಮೂಲದ ಮಾತನ್ನು ನೋಡಿ: ಅಲ್ಲಿರುವುದು ದುಡುಕಿನಿಂದ ‘ಅಥವಾ’ ನಿರ್ಲಕ್ಷ್ಯದಿಂದ ಎಂದು. ಎರಡು ಬೇರೆ ಬೇರೆ ಮನಃಸ್ಥಿತಿಗಳು. ಅಪಾಯ ತಿಳಿದೂ ಮುನ್ನುಗ್ಗುವವನು ದುಡುಕಿನವನು. ನೋಡಬೇಕಾದದ್ದನ್ನು ನೋಡದವನು ನಿರ್ಲಕ್ಷ್ಯದವನು. ವೇಗದ ಮಾತು ಅಲ್ಲಿ ಇಲ್ಲವೇ ಇಲ್ಲ. ನಮ್ಮ ಕನ್ನಡ ಮಹಜರು ‘ಅಥವಾ’ವನ್ನು ‘ಮತ್ತು’ ಮಾಡಿತು. ದುಡುಕನ್ನು ಅತಿವೇಗ ಮಾಡಿತು. ನಿಂತ ಗಾಡಿಗೆ ಗುದ್ದಿದರೂ, ಹಿಂದಕ್ಕೆ ಬರುವ ಟ್ರ್ಯಾಕ್ಟರು ತಾಗಿದರೂ ಅತಿವೇಗವೇ.

ಇದು ಬರಿಯ ಶೈಲಿಯ ಲೋಪವಾಗಿದ್ದರೆ ನಾನು ಆಕಾಶವಾಣಿಯ ಸಮಯವನ್ನು ವ್ಯಯಮಾಡುತ್ತಿರಲಿಲ್ಲ. ಠಾಣೆಯ ಈ ವಾಕ್ಯ ಜಿಲ್ಲೆಗೆ ಹೋಗುತ್ತದೆ, ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದಿಲ್ಲಿಗೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರದ ವರದಿ ಹೇಳುತ್ತದೆ; ಅವರಲ್ಲಿ ಶೇಕಡಾ 70ಕ್ಕೂ ಮಿಕ್ಕ ಸಾವುಗಳಿಗೆ ಅತಿವೇಗವೇ ಕಾರಣವೆಂದು ಪಟ್ಟಿ ಮಾಡುತ್ತದೆ. ಆ ಅಂಕಿಯಲ್ಲಿ ನಿಜವಾದ ವೇಗವೆಷ್ಟು, ಬರವಣಿಗೆಯ ರೂಢಿಯೆಷ್ಟು ಎಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಒಂದು ಸಿದ್ಧವಾಕ್ಯ ರಾಷ್ಟ್ರದ ಅಂಕಿಅಂಶವಾಗುವ ಈ ವಿಚಿತ್ರವನ್ನು ಸಾಹಿತ್ಯದ ವಿದ್ಯಾರ್ಥಿಗಳಾದರೂ ಗಮನಿಸಬೇಕು.

ಕಂಡದ್ದನ್ನು ಕಂಡಹಾಗೆ ಬರೆಯುವುದು ಕನ್ನಡಕ್ಕೆ ಹೊಸದೇನೂ ಅಲ್ಲ. ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ನೆನೆಯಿರಿ. ಹತ್ತನೆಯ ಶತಮಾನದ ನಡುವೆ ಗಂಗರ ಬೂತುಗನ ಕಾಲದಲ್ಲಿ, ಮಣಲೇರನೆಂಬ ವೀರ ತನ್ನ ನಾಯಿ ಕಾಳಿಗಾಗಿ ನಿಲ್ಲಿಸಿದ ಕಲ್ಲು ಅದು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಯಾವ ನಾಡಿನ ಯಾವ ಊರಿನ ಯಾವ ದಿಕ್ಕಿನ ದಿಣ್ಣೆಯಲ್ಲಿ ನಾಯಿಯನ್ನು ಹಂದಿಯ ಮೇಲೆ ಬಿಟ್ಟರು, ಫಲವೇನಾಯಿತು ಎಂಬುದನ್ನು ಆ ಬರಹ ಹೇಳುತ್ತದೆ. ಎರಡೂ ಒಟ್ಟಿಗೆ ಸತ್ತವು ಎಂದಷ್ಟೇ ಹೇಳಿ ನಿಲ್ಲುತ್ತದೆ. ಹಂದಿಯ ಅಜಾಗರೂಕತೆಯ ಪ್ರಸ್ತಾಪ ಅಲ್ಲಿಲ್ಲ! ಒಂದು ನಾಯಿಗೆ ಸಂದ ಈ ಖಚಿತತೆ ಇಂದು ನಮ್ಮ ರಸ್ತೆಯ ಮೇಲೆ ಸತ್ತವನಿಗೆ ಸಲ್ಲುತ್ತಿಲ್ಲ.

ಸಾಕ್ಷಿಗಳ ಮಾತನ್ನು ನಂಬಿ ವೇಗವನ್ನು ನಿರ್ಣಯಿಸುವ ಕಷ್ಟ ಮೋಟಾರಿನಷ್ಟೇ ಹಳೆಯದು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಬಳಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಮೋಟಾರು ಕಾರಿಗೆ ಸಿಕ್ಕಿ ತೀರಿಕೊಂಡಳು. ಚಾಲಕನು ಗಂಟೆಗೆ ನಾಲ್ಕು ಮೈಲಿ ಎಂದ. ನೋಡಿದವರೊಬ್ಬರು ಒಳ್ಳೆಯ ಕುದುರೆ ನಾಗಾಲೋಟದಲ್ಲಿ ಓಡುವಷ್ಟು ಎಂದರು. ಜ್ಯೂರಿ ಅದನ್ನು ಆಕಸ್ಮಿಕವೆಂದು ತೀರ್ಮಾನಿಸಿತು. ಇಂಥದು ಮತ್ತೆಂದೂ ಆಗದಿರಲಿ ಎಂದು ಕಾರೊನರು ಹಾರೈಸಿದರಂತೆ.

ಮನುಷ್ಯನ ಬಾಯಿ ಹೇಳದ್ದನ್ನು ರಸ್ತೆ ಹೇಳೀತೆಂದು ಹುಡುಕಿದವರು ಆಮೇಲೆ ಬಂದರು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಸಂಚಾರದ ಸಂಸ್ಥೆಯೊಂದು ಸ್ಥಾಪನೆಯಾಯಿತು. ಅಲ್ಲಿ ಸ್ಟ್ಯಾನರ್ಡ್ ಬೇಕರ್ ಎಂಬ, ಪೊಲೀಸನಲ್ಲದ ಎಂಜಿನಿಯರು ಪೊಲೀಸರಿಗೆ ಅಪಘಾತ ಶೋಧನೆಯ ಕೈಪಿಡಿ ಬರೆದುಕೊಟ್ಟ. ಅವರ ಲೆಕ್ಕ ಪ್ರೌಢಶಾಲೆಯ ಭೌತಶಾಸ್ತ್ರಕ್ಕಿಂತ ಬಹಳ ಮೇಲಿನದಲ್ಲ. ಬ್ರೇಕು ಕಚ್ಚಿ ಚಕ್ರ ಉಜ್ಜಿದ ಗುರುತು 20 ಮೀಟರ್ ಉದ್ದವಿದೆ, ರಸ್ತೆ ಒಣಗಿದೆ, ಘರ್ಷಣೆಯ ಪ್ರಮಾಣ 0.7 ಎನ್ನಿ: ವಾಹನದ ವೇಗ ಗಂಟೆಗೆ ಹೆಚ್ಚುಕಡಿಮೆ 60 ಕಿಲೋಮೀಟರ್. ಅದೇ ಗುರುತು ಮಳೆ ಬಿದ್ದ ರಸ್ತೆಯಲ್ಲಿದ್ದು ಘರ್ಷಣೆ 0.4ಕ್ಕೆ ಇಳಿದಿದ್ದರೆ ವೇಗ 45. ಆದಕಾರಣ ಗುರುತಿನ ಉದ್ದವನ್ನು ಬರೆದು ರಸ್ತೆಯ ಒದ್ದೆಯನ್ನು ಬರೆಯದ ಮಹಜರು ಅರ್ಧ ಸತ್ಯ. ಉದ್ದವನ್ನೂ ಬರೆಯದಿದ್ದರೆ ಸೊನ್ನೆ. ಅದೂ ಬೇಗ ಬರೆಯಬೇಕು. ಹೆದ್ದಾರಿಯ ಮೇಲೆ ಹಾಯುವ ನೂರಾರು ಗಾಲಿಗಳು ಆ ಗುರುತನ್ನು ಬೆಳಗಾಗುವುದರೊಳಗೆ ಅಳಿಸಿಬಿಡಬಲ್ಲವು.

ನಮ್ಮಲ್ಲಿ ಪೊಲೀಸನಲ್ಲದ ಮೊದಲ ಶೋಧಕನೆಂದರೆ ಬ್ರೇಕ್ ಇನ್‌ಸ್ಪೆಕ್ಟರೇ. ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕನಿಗೆ ಜನ ಕೊಟ್ಟ ಹೆಸರು ಇದು; ಕಚೇರಿಯ ಹೆಸರಿಗಿಂತ ಅರ್ಥವತ್ತಾದದ್ದು. 1939ರ ಮೋಟಾರು ಕಾಯಿದೆಯ 90ನೆಯ ಕಲಮು, 1988ರ ಕಾಯಿದೆಯ 136ನೆಯ ಕಲಮು ಅಪಘಾತದ ವಾಹನವನ್ನು ಪರೀಕ್ಷಿಸುವ ಅಧಿಕಾರವನ್ನು ಹೇಳುತ್ತವೆ. ಆತ ಬ್ರೇಕಿನ ಪೆಡಲು ತುಳಿದು ನೋಡುತ್ತಾನೆ, ಸ್ಟೀರಿಂಗಿನ ಸಡಿಲವನ್ನು ನೋಡುತ್ತಾನೆ, ಟೈರು, ದೀಪಗಳನ್ನು ನೋಡಿ ಜಖಂಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತಾನೆ. ಪಟ್ಟಿಯಲ್ಲಿ ಬುದ್ಧಿಯಿದೆ: ಎಡಬದಿಯ ಮುಂಭಾಗ ತಗ್ಗಿದ್ದರೆ ಎದುರಿನಿಂದ ಗುದ್ದಿತೆಂಬ ಸಾಕ್ಷಿಯನ್ನು ಮರುಚಿಂತಿಸಬೇಕಾಗುತ್ತದೆ. ಆದರೆ ಕಡೆಯ ಸಾಲಿಗೆ ಬಂದಾಗ ಅವನಿಗೂ ಒಂದು ಸಿದ್ಧವಾಕ್ಯವುಂಟು: ಅಪಘಾತವು ಯಾವುದೇ ಯಾಂತ್ರಿಕ ದೋಷದಿಂದ ಸಂಭವಿಸಿದ್ದಲ್ಲ. ಯಂತ್ರ ನಿರ್ದೋಷಿಯೆಂದಾದ ಮೇಲೆ ಉಳಿದವನು ಚಾಲಕನೊಬ್ಬನೇ. ರಸ್ತೆಯ ತಿರುವನ್ನಾಗಲಿ, ಇಲ್ಲದ ದೀಪವನ್ನಾಗಲಿ ಪರೀಕ್ಷಿಸಲು ಆತನನ್ನು ಕರೆದಿರುವುದಿಲ್ಲ.

ಇನ್ನೊಬ್ಬ ಶೋಧಕನನ್ನು ತಂದುದು ವಿಮೆ. ಮೋಟಾರಿಗೆ ಮೂರನೆಯವರ ವಿಮೆ ಕಡ್ಡಾಯವಾದುದು 1946ರಲ್ಲಿ. ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ಅವಕಾಶವಾದುದು 1956ರ ತಿದ್ದುಪಡಿಯಿಂದ. ಅದಕ್ಕೆ ಮೊದಲು ಬಡವನ ಹೆಂಡತಿ ಸಿವಿಲ್ ದಾವೆ ಹೂಡಿ, ಕೋರ್ಟು ಶುಲ್ಕ ಕಟ್ಟಿ ಕಾಯಬೇಕಾಗಿತ್ತು. ಹಣ ಕೊಡುವವರು ಬಂದ ಮೇಲೆ ಹಣ ಉಳಿಸುವವರೂ ಬರಬೇಕಷ್ಟೆ. ವಿಮಾ ಕಂಪನಿಯ ಖಾಸಗಿ ಇನ್ವೆಸ್ಟಿಗೇಟರು ಹಳ್ಳಿಗೆ ಬರುತ್ತಾನೆ. ಕೈಯಲ್ಲೊಂದು ಕಡತ. ಲೈಸೆನ್ಸು ಅಸಲಿಯೇ ಎಂದು ಸಾರಿಗೆ ಕಚೇರಿಯಲ್ಲಿ ವಿಚಾರಿಸುತ್ತಾನೆ. ಆ ಹೊತ್ತಿಗೆ ಆ ವಾಹನ ಆ ಊರಿನಲ್ಲಿತ್ತೇ ಎಂದು ಕೇಳುತ್ತಾನೆ. ಆಸ್ಪತ್ರೆಯ ದಾಖಲೆಯಲ್ಲಿ ಮೊದಲ ದಿನ ಏನು ಬರೆದಿದೆಯೆಂದು ನೋಡುತ್ತಾನೆ. ಬಿದ್ದು ಗಾಯವಾಯಿತೆಂದು ಮೊದಲ ದಿನ ಬರೆಸಿ, ಹತ್ತು ದಿನಗಳ ಬಳಿಕ ವಿಮೆಯಿರುವ ವಾಹನವೊಂದನ್ನು ತಂದು ನಿಲ್ಲಿಸುವ ಕೆಲಸ ನಡೆಯುವುದುಂಟು. ಉತ್ತರ ಪ್ರದೇಶದ ಇಂಥ ಸುಳ್ಳು ಅರ್ಜಿಗಳ ವಿಚಾರ 2021ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆದ್ದರಿಂದ ಆ ಮನುಷ್ಯನನ್ನು ಹಳ್ಳಿಯವರು ಶನಿಯಂತೆ ಕಾಣುವುದು ಪೂರ್ತಿ ನ್ಯಾಯವಲ್ಲ. ಆದರೂ ಆತನ ಪ್ರಶ್ನೆಗಳೆಲ್ಲ ಒಂದೇ ದಿಕ್ಕಿಗೆ ಹರಿಯುತ್ತವೆ: ಹಣ ಕೊಡದಿರಲು ದಾರಿಯುಂಟೆ? ಗಾಡಿಯವನ ವಿಧವೆಯ ಪರವಾಗಿ ಕಡತ ಹಿಡಿದು ಊರು ಸುತ್ತುವ ಶೋಧಕನನ್ನು ಯಾರೂ ನೇಮಿಸುವುದಿಲ್ಲ. ಅವಳಿಗಿರುವ ಆಸರೆ ಠಾಣೆಯ ಆ ನಾಲ್ಕು ಹಾಳೆಗಳೇ.

ಅದೇ ಹಾಳೆಗಳು ಎರಡು ನ್ಯಾಯಾಸನಗಳ ಮುಂದೆ ಎರಡು ರೀತಿಯಾಗಿ ಓದಲ್ಪಡುತ್ತವೆ. ಕರ್ನಾಟಕದಿಂದ ಹೋದ ಸೈಯದ್ ಅಕ್ಬರ್ ಪ್ರಕರಣದಲ್ಲಿ 1979ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಹತ್ವದ ಮಾತು ಹೇಳಿತು. ಘಟನೆ ತಾನೇ ತಪ್ಪನ್ನು ಸಾರುತ್ತದೆ ಎಂಬ ಸೂತ್ರದಿಂದ ಕ್ರಿಮಿನಲ್ ಮೊಕದ್ದಮೆಯಲ್ಲಿ ಚಾಲಕನನ್ನು ಅಪರಾಧಿಯೆನ್ನಲಾಗದು. ತಪ್ಪನ್ನು ಸಂಶಯಾತೀತವಾಗಿ ತೋರಿಸಬೇಕು ಎಂದು. ಪರಿಹಾರದ ಮಂಡಳಿಗೆ ಅಷ್ಟು ಬಿಗಿ ಬೇಡ, ಯಾವುದು ಹೆಚ್ಚು ಸಂಭವನೀಯವೋ ಅದು ಸಾಕು ಎಂದು ಅದೇ ನ್ಯಾಯಾಲಯ 2009ರಲ್ಲಿ, ಹಿಮಾಚಲದ ಬಿಮ್ಲಾದೇವಿ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಒಂದು ಕಟ್ಟಡದಲ್ಲಿ ನಿರಪರಾಧಿಯಾದ ಚಾಲಕನೇ ಪಕ್ಕದ ಕಟ್ಟಡದಲ್ಲಿ ತಪ್ಪಿತಸ್ಥ. ಎರಡೂ ನ್ಯಾಯವೇ. ಇಬ್ಬರು ನ್ಯಾಯಾಧೀಶರ ಮೇಜಿನ ಮೇಲೂ ಗುರುತಿನ ಉದ್ದ ಮಾತ್ರ ಇರುವುದಿಲ್ಲ.

ತಪ್ಪು ಯಾರದೆಂದು ಕೇಳದ ಶೋಧಕರೂ ಉಂಟು. ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ 1960ರ ದಶಕದಲ್ಲಿ ಅಪಘಾತವನ್ನು ಸಾಂಕ್ರಾಮಿಕ ರೋಗದಂತೆ ನೋಡಿದ: ಮನುಷ್ಯ, ವಾಹನ, ಪರಿಸರ, ಘಟನೆಗೆ ಮೊದಲು, ಆಗ, ಆಮೇಲೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಅವರು ಇದೇ ದೃಷ್ಟಿಯಿಂದ, ಆಸ್ಪತ್ರೆಗೆ ಬಂದ ಗಾಯಾಳುಗಳಿಂದ ಹಿಮ್ಮುಖವಾಗಿ ರಸ್ತೆಯನ್ನು ಓದಿದರು. ಕೊಯಮತ್ತೂರಿನಲ್ಲಿ ಎಂಜಿನಿಯರುಗಳ ಖಾಸಗಿ ತಂಡವೊಂದು ಸುದ್ದಿ ಬಂದೊಡನೆ ಸ್ಥಳಕ್ಕೆ ಹೋಗಿ ಅಳೆದು, ಚಿತ್ರ ತೆಗೆದು ದಾಖಲಿಸುವ ಕೆಲಸವನ್ನು ಈ ಶತಮಾನದಲ್ಲಿ ಆರಂಭಿಸಿತು. ಅವರ ಬರಹದಲ್ಲಿ ಆರೋಪಿಯಿಲ್ಲ.

ಅಂಥ ಕಣ್ಣಿಗೆ ನಮ್ಮ ಸೀಮೆ ಹೇಗೆ ಕಾಣಬಹುದು? 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಮುಳುಗಿದರು; ಶಾಲೆಯಿಂದ ಮನೆಗೆ ಹೊರಟ ಮಕ್ಕಳು ಅವರಲ್ಲಿದ್ದರು. ಅದೇ ರಾತ್ರಿ ಅಂಬರೀಷರೂ ತೀರಿಕೊಂಡರು. ಮಂಡ್ಯಕ್ಕೆ ಒಂದೇ ದಿನ ಎರಡು ಅಳು. ಬಸ್ಸು ರಸ್ತೆ ಬಿಟ್ಟದ್ದೇಕೆ ಎಂಬ ಪ್ರಶ್ನೆ ಒಂದು. ಅದಕ್ಕೆ ಉತ್ತರವನ್ನು ಚಾಲಕನಲ್ಲಿಯೂ ಯಂತ್ರದಲ್ಲಿಯೂ ಹುಡುಕಬಹುದು. ರಸ್ತೆ ಬಿಟ್ಟ ಬಸ್ಸು ನೀರನ್ನು ಮುಟ್ಟಿದ್ದೇಕೆ ಎಂಬುದು ಇನ್ನೊಂದು; ಉತ್ತರ ನಾಲೆಯ ದಂಡೆಯಲ್ಲಿ, ಇಲ್ಲದ ತಡೆಗೋಡೆಯಲ್ಲಿ ಇತ್ತು. 2023ರಲ್ಲಿಯೂ ಅದೇ ನಾಲೆಗೆ ಕಾರುಗಳು ಬಿದ್ದು ಜೀವಗಳು ಹೋದವು. ಮೊದಲ ಪ್ರಶ್ನೆಗೆ ಮಹಜರಿನಲ್ಲಿ ಸ್ಥಳವುಂಟು. ಎರಡನೆಯದಕ್ಕೆ ಕಾಲಂ ಇರಲಿಲ್ಲ.

ಈಗ ಬಂದಿರುವ ದಾಖಲೆಯ ಕ್ರಮದಲ್ಲಿ ಪೊಲೀಸರು ಸ್ಥಳದಿಂದಲೇ ಮೊಬೈಲಿನಲ್ಲಿ ಚಿತ್ರಗಳನ್ನೂ ವಿವರಗಳನ್ನೂ ಏರಿಸುತ್ತಾರೆ. ರಸ್ತೆಯ ಎಂಜಿನಿಯರೂ ಬಂದು ರಸ್ತೆಯ ಸ್ಥಿತಿಯನ್ನು ತುಂಬಬೇಕೆಂದಿದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದಲ್ಲಿ ಸಾವುಗಳು ಹೆಚ್ಚಿದಾಗ ಹೆದ್ದಾರಿ ಪ್ರಾಧಿಕಾರವು ತಜ್ಞರನ್ನು ಕಳುಹಿಸಿತು. ಆಗಸ್ಟ್ 1ರಿಂದ ದ್ವಿಚಕ್ರಗಳನ್ನೂ ಆಟೋಗಳನ್ನೂ ಟ್ರ್ಯಾಕ್ಟರುಗಳನ್ನೂ ಮುಖ್ಯಪಥದಿಂದ ಕೆಳಗಿಳಿಸಿದರು. ಕಬ್ಬಿನ ಹೊರೆ ಈಗ ಪಕ್ಕದ ಸೇವಾರಸ್ತೆಯಲ್ಲಿ ಸಾಗುತ್ತದೆ. ಆ ಟ್ರೇಲರುಗಳ ಹಿಂಬದಿಯಲ್ಲಿ ಕೆಂಪು ಪಟ್ಟಿ ಅಂಟಿಸಿದೆಯೇ ಎಂದು ಮಂಡ್ಯದ ಕಡೆ ಹೋದಾಗಲೆಲ್ಲ ನಾನು ಕಿಟಕಿಯಿಂದ ನೋಡುತ್ತೇನೆ. ಕೆಲವಕ್ಕೆ ಇರುತ್ತದೆ.