ಕಾರಿನ ಊರು, ಚಿತ್ರದ ಗೋಡೆ

ಇಳಕಲ್ ಎಂದೊಡನೆ ಸೀರೆ, ಚನ್ನಪಟ್ಟಣ ಎಂದೊಡನೆ ಮರದ ಬೊಂಬೆ ಕಣ್ಣ ಮುಂದೆ ನಿಲ್ಲುತ್ತವೆ. ಒಂದು ಕಸುಬು ಒಂದು ಊರಿನಲ್ಲಿ ಬೇರೂರಿದರೆ ಅದು ಅಲ್ಲಿಯ ಜನರ ಮಾತಿಗೆ, ಹಾಡಿಗೆ, ಜಗಳಕ್ಕೆ ಕೂಡ ತನ್ನ ಬಣ್ಣ ಬಳಿಯುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಮಾತಿಗೆ ಅಮೆರಿಕದ ಡೆಟ್ರಾಯಿಟ್ ನಗರಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ. ಅಲ್ಲಿ ಕಸುಬೆಂದರೆ ಕಾರು.

ಈ ನಗರ ನಮ್ಮವರಿಗೆ ಅಪರಿಚಿತವೇನಲ್ಲ. ಮೋಟಾರು ಉದ್ಯಮವನ್ನು ನಮ್ಮ ದೇಶದಲ್ಲಿ ನೆಲೆಗೊಳಿಸಬೇಕೆಂಬ ಹಂಬಲದಿಂದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪ್ ಮತ್ತು ಅಮೆರಿಕಗಳ ಪ್ರವಾಸ ಕೈಗೊಂಡಿದ್ದರು. ಅಲ್ಲಿ ನೆಲೆಸಿದ ಕನ್ನಡಿಗರು ಪಂಪನ ಹೆಸರಿನಲ್ಲಿ ಕನ್ನಡ ಕೂಟವನ್ನು ಕಟ್ಟಿಕೊಂಡಿದ್ದಾರೆ. 2002ರಲ್ಲಿ ‘ಅಕ್ಕ’ ಸಮ್ಮೇಳನವೂ ಆ ಊರಿನಲ್ಲಿಯೇ ನಡೆಯಿತು. ಮೋಟಾರು ಕಂಪನಿಗಳ ಕೆಲಸಕ್ಕೆಂದು ಹೋದ ನಮ್ಮ ಮಕ್ಕಳು ಅಲ್ಲಿಯ ಚಿತ್ರಶಾಲೆಯನ್ನು ನೋಡಿದ್ದಾರೋ ಇಲ್ಲವೋ! ನೋಡದವರಿಗಾಗಿಯೇ ಈ ಲೇಖನ.

ಹೆನ್ರಿ ಫೋರ್ಡ್ 1908ರಲ್ಲಿ ‘ಮಾಡೆಲ್ ಟಿ’ ಕಾರನ್ನು ಹೊರತಂದ. 1913ರಲ್ಲಿ ಡೆಟ್ರಾಯಿಟ್‌ಗೆ ಅಂಟಿಕೊಂಡಿರುವ ಹೈಲ್ಯಾಂಡ್ ಪಾರ್ಕ್‌ನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲು ಆರಂಭವಾಯಿತು. ಅದುವರೆಗೆ ಕೆಲಸಗಾರನು ಕಾರಿನ ಬಳಿಗೆ ಹೋಗುತ್ತಿದ್ದ. ಇನ್ನು ಮೇಲೆ ಕಾರೇ ಅವನೆದುರಿಗೆ ಸರಿದು ಬರತೊಡಗಿತು. ಒಂದು ಚೌಕಟ್ಟನ್ನು ಜೋಡಿಸಲು ಹನ್ನೆರಡು ಗಂಟೆಗಳಿಗೂ ಮೀರಿ ಹಿಡಿಯುತ್ತಿದ್ದ ಕಾಲ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ದಿನವಿಡೀ ಒಂದೇ ತಿರುಪನ್ನು ತಿರುಗಿಸುವ ಬೇಸರಕ್ಕೆ ಜನ ಕೆಲಸ ಬಿಟ್ಟು ಓಡಿಹೋಗುತ್ತಿದ್ದುದರಿಂದ 1914ರಲ್ಲಿ ಫೋರ್ಡ್ ದಿನಗೂಲಿಯನ್ನು ಐದು ಡಾಲರಿಗೆ, ಎಂದರೆ ಹೆಚ್ಚುಕಡಮೆ ಎರಡರಷ್ಟಕ್ಕೆ, ಏರಿಸಿದ. ಜೊತೆಗೆ ಕೆಲಸಗಾರರ ಮನೆಗಳಿಗೆ ಹೋಗಿ ಅವರ ನಡತೆಯನ್ನು ವಿಚಾರಿಸುವ ಇನ್‌ಸ್ಪೆಕ್ಟರುಗಳನ್ನೂ ನೇಮಿಸಿದ. ಕೂಲಿ ಕೊಟ್ಟವನಿಗೆ ಬದುಕಿನ ಮೇಲೂ ಹಕ್ಕುಂಟೆಂಬ ಭಾವನೆ ಅದು. ಆದರೂ ಯುರೋಪಿನ ಬಡವರು ಬಂದರು. ದಕ್ಷಿಣದ ಹತ್ತಿ ಹೊಲಗಳ ಕಪ್ಪು ಜನರು ಬಂದರು. 1950ರ ಹೊತ್ತಿಗೆ ಡೆಟ್ರಾಯಿಟ್‌ನ ಜನಸಂಖ್ಯೆ 18 ಲಕ್ಷವನ್ನು ಮೀರಿತು.

ಹಣ ಹರಿದು ಬಂದಲ್ಲಿಗೆ ಕಲೆಯೂ ಬರುತ್ತದೆ. ಮೋಟಾರಿನ ಸಮೃದ್ಧಿಯ ದಿನಗಳಲ್ಲಿ ನಗರಸಭೆಯೇ ತನ್ನ ಚಿತ್ರಶಾಲೆಗಾಗಿ 1922ರಲ್ಲಿ ವ್ಯಾನ್ ಗಾಗ್‌ನ ಸ್ವಚಿತ್ರವನ್ನೂ 1930ರಲ್ಲಿ ಬ್ರೂಗೆಲ್‌ನ ‘ಮದುವೆಯ ಕುಣಿತ’ವನ್ನೂ ಕೊಂಡಿತು. ಅನಂತರ ಹೆನ್ರಿಯ ಮಗ ಎಡ್ಸೆಲ್ ಫೋರ್ಡ್‌ನ ಧನಸಹಾಯದಿಂದ ಮೆಕ್ಸಿಕೋ ದೇಶದ ಚಿತ್ರಕಾರ ಡಿಯಾಗೋ ರಿವೇರಾ 1932ರಲ್ಲಿ ಅಲ್ಲಿಗೆ ಬಂದ. ಕೆಲವೇ ವಾರಗಳ ಹಿಂದೆ, ಮಾರ್ಚ್ 7ರಂದು, ಕೆಲಸವಿಲ್ಲದ ಹಸಿದ ಜನರು ಫೋರ್ಡ್‌ನ ರೂಜ್ ಕಾರ್ಖಾನೆಯತ್ತ ಮೆರವಣಿಗೆ ಹೊರಟು, ನಾಲ್ವರು ಗುಂಡೇಟಿಗೆ ಬಲಿಯಾಗಿದ್ದರು. ಕಮ್ಯೂನಿಸ್ಟನಾದ ರಿವೇರಾ ಅದೇ ಕಾರ್ಖಾನೆಯಲ್ಲಿ ವಾರಗಟ್ಟಲೆ ತಿರುಗಾಡಿ ರೇಖಾಚಿತ್ರಗಳನ್ನು ಬರೆದುಕೊಂಡು, ಹಸಿ ಗಾರೆಯ ಮೇಲೆ 27 ಭಿತ್ತಿಚಿತ್ರಗಳನ್ನು ರಚಿಸಿದ.

ಆ ಗೋಡೆಗಳಲ್ಲಿ ಎದ್ದು ಕಾಣುವವರು ಯಜಮಾನರಲ್ಲ, ದುಡಿಯುವವರು. ಕಪ್ಪು, ಬಿಳಿ ಕೆಲಸಗಾರರು ಹೆಗಲಿಗೆ ಹೆಗಲು ಕೊಟ್ಟು ಎಂಜಿನ್ನುಗಳನ್ನು ಎಳೆಯುತ್ತಾರೆ. ತಗಡನ್ನು ಅಚ್ಚೊತ್ತುವ ಬೃಹತ್ ಯಂತ್ರವು ಮೆಕ್ಸಿಕೋದ ಪ್ರಾಚೀನ ದೇವಿಯೊಬ್ಬಳ ವಿಗ್ರಹದಂತೆ ನಿಂತಿದೆ. ಇಷ್ಟು ಮಂದಿಯ ಬೆವರಿನಿಂದ ಸಿದ್ಧವಾದ ಕಾರು ಮಾತ್ರ ದೂರದಲ್ಲೆಲ್ಲೋ ಪುಟ್ಟ ಕೆಂಪು ಬೊಟ್ಟಿನಂತೆ ಕಾಣುತ್ತದೆ! 1933ರಲ್ಲಿ ಚಿತ್ರಗಳು ತೆರೆದುಕೊಂಡಾಗ ಊರಿನ ಪತ್ರಿಕೆಯೊಂದು ಸುಣ್ಣ ಬಳಿದು ಅಳಿಸಿಬಿಡಿರೆಂದು ಬರೆಯಿತು. ಎಡ್ಸೆಲ್ ಒಪ್ಪಲಿಲ್ಲ. ಕಾರ್ಖಾನೆಯ ಒಡೆಯನ ಮಗನೇ ಕಾರ್ಮಿಕರ ಚಿತ್ರವನ್ನು ಕಾಪಾಡಿದ.

ಹಾಡಿನ ಕಥೆಯೂ ಇಂಥದೇ. ಕಾರು ಜೋಡಣೆಯ ಸಾಲಿನಲ್ಲಿ ದುಡಿದಿದ್ದ ಬೆರ‍್ರಿ ಗಾರ್ಡಿ ಎಂಬ ತರುಣ, ಮನೆಯವರಿಂದ 800 ಡಾಲರ್ ಸಾಲ ಪಡೆದು 1959ರಲ್ಲಿ ಧ್ವನಿಮುದ್ರಣದ ಕಂಪನಿಯೊಂದನ್ನು ಹೂಡಿದ. ಮೋಟಾರು ಪಟ್ಟಣವೆಂಬ ಅರ್ಥದಲ್ಲಿ ಅದಕ್ಕೆ ‘ಮೋಟೌನ್’ ಎಂಬ ಹೆಸರಾಯಿತು. ಒಬ್ಬ ಹಾಡು ಕಟ್ಟುವುದು, ಇನ್ನೊಬ್ಬ ವಾದ್ಯ ನುಡಿಸುವುದು, ಮತ್ತೊಬ್ಬ ಗುಣಮಟ್ಟ ಪರೀಕ್ಷಿಸುವುದು — ಎಲ್ಲವೂ ಕಾರ್ಖಾನೆಯ ಕ್ರಮದಲ್ಲಿಯೇ. ಅಲ್ಲಿಂದ ಹೊರಟ ಕಪ್ಪು ಗಾಯಕರ ದನಿ ಬಿಳಿಯರ ಮನೆಗಳನ್ನೂ ಹೊಕ್ಕಿತು.

ಕೆಲಸಗಾರರೂ ತಮ್ಮ ಪಾಲಿನ ಕಲೆಯನ್ನು ಕಂಡುಕೊಂಡರು. ಬಣ್ಣ ಸಿಂಪಡಿಸುವ ಕೊಠಡಿಗಳಲ್ಲಿ ವರ್ಷಗಟ್ಟಲೆ ಪದರ ಪದರವಾಗಿ ಮೆತ್ತಿ, ಕುಲುಮೆಯ ಕಾವಿಗೆ ಗಟ್ಟಿಯಾದ ಬಣ್ಣದ ಹೆಂಟೆಗಳನ್ನು ಕೆಲವರು ಮನೆಗೊಯ್ದು, ಕೊರೆದು, ಉಜ್ಜಿ ಹರಳು ಮಾಡಿದರು. ಅದಕ್ಕೆ ‘ಫೋರ್ಡೈಟ್’ ಎನ್ನುತ್ತಾರೆ. ಎಂದೋ ಗುಜರಿಗೆ ಹೋದ ಕಾರುಗಳ ಬಣ್ಣಗಳೆಲ್ಲ ಒಂದು ಉಂಗುರದ ಕಲ್ಲಿನಲ್ಲಿ ಉಳಿದಿವೆ.

ಆದರೆ ಸಾಕಿದ ಕೈಯೇ ಕತ್ತನ್ನೂ ಹಿಸುಕಿತು. ಕಪ್ಪು ಜನರ ಅಂಗಡಿ, ಸಂಗೀತ ಶಾಲೆಗಳಿಂದ ಗಿಜಿಗುಡುತ್ತಿದ್ದ ಹೇಸ್ಟಿಂಗ್ಸ್ ಬೀದಿಯನ್ನು ಕೆಡವಿ ಅದರ ಮೇಲೆ ಕಾರುಗಳ ಹೆದ್ದಾರಿಯನ್ನು ಹಾಯಿಸಿದರು. ಆ ಹೆದ್ದಾರಿಗೆ ಇಟ್ಟ ಹೆಸರು ಕಾರು ತಯಾರಕ ಕ್ರೈಸ್ಲರ್‌ನದು. ಇಂಥ ದಾರಿಗಳನ್ನು ಹಿಡಿದೇ ಬಿಳಿಯರು ಊರ ಹೊರಗಿನ ಬಡಾವಣೆಗಳಿಗೆ ಸರಿದರು, ಕಾರ್ಖಾನೆಗಳೂ ಹೊರಟವು. 1967ರ ದಂಗೆಯಲ್ಲಿ 43 ಜನ ಸತ್ತರು. 1972ರಲ್ಲಿ ಮೋಟೌನ್ ಕೂಡ ಲಾಸ್ ಏಂಜಲೀಸ್‌ಗೆ ಹೋಯಿತು. 2010ರ ಜನಗಣತಿಯಲ್ಲಿ ಉಳಿದವರು 7 ಲಕ್ಷ ಚಿಲ್ಲರೆ.

2013ರ ಜುಲೈ 18ರಂದು ನಗರವು ಸುಮಾರು 1,800 ಕೋಟಿ ಡಾಲರ್ ಸಾಲದೊಡನೆ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು. ಸಾಲಗಾರರ ಸಾಲಿನಲ್ಲಿ ನಗರಸಭೆಯ ನಿವೃತ್ತ ನೌಕರರೂ ನಿಂತಿದ್ದರು. ಚಿತ್ರಗಳನ್ನು ಮಾರಿ ಬಾಕಿ ತೀರಿಸಿರೆಂಬ ಕೂಗೆದ್ದಿತು. ಬ್ರೂಗೆಲ್, ವ್ಯಾನ್ ಗಾಗ್‌ರ ಕೃತಿಗಳಿಗೆ ಬೆಲೆ ಕಟ್ಟಿದ್ದೂ ಆಯಿತು. ಪಿಂಚಣಿಯಿಂದಲೇ ಒಲೆ ಹೊತ್ತಿಸುವ ನಾನು ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾರೆ. ಮುದುಕನ ಔಷಧಿಗಿಂತ ಗೋಡೆಯ ಚಿತ್ರ ಹೆಚ್ಚೇ? ಹಾಗೆಂದು ಒಮ್ಮೆ ಮಾರಿದ ಚಿತ್ರ ಮೊಮ್ಮಕ್ಕಳಿಗೆ ಮತ್ತೆ ದಕ್ಕೀತೇ?

ಕೊನೆಗೆ ಒಂದು ದಾರಿ ದೊರೆಯಿತು. ದತ್ತಿಸಂಸ್ಥೆಗಳು, ರಾಜ್ಯ ಸರ್ಕಾರ ಮತ್ತು ಚಿತ್ರಶಾಲೆ ಸೇರಿ 80 ಕೋಟಿ ಡಾಲರಿಗೂ ಮಿಗಿಲಾದ ಹಣವನ್ನು ಪಿಂಚಣಿಗಾಗಿ ಒದಗಿಸಲು ಒಪ್ಪಿದವು. ಪ್ರತಿಯಾಗಿ ಚಿತ್ರಗಳು ನಗರಸಭೆಯ ಕೈಬಿಟ್ಟು ಸ್ವತಂತ್ರ ಸಂಸ್ಥೆಯೊಂದರ ಸ್ವತ್ತಾದವು. ಎಡ್ಸೆಲ್ 1936ರಲ್ಲಿ ಸ್ಥಾಪಿಸಿದ್ದ ಫೋರ್ಡ್ ಪ್ರತಿಷ್ಠಾನವೇ 12.5 ಕೋಟಿ ಡಾಲರ್ ಕೊಟ್ಟಿತು. ಮೂರು ಮೋಟಾರು ಕಂಪನಿಗಳು ಒಟ್ಟು 2.6 ಕೋಟಿ ಸೇರಿಸಿದವು. 2014ರ ನವೆಂಬರಿನಲ್ಲಿ ನ್ಯಾಯಾಲಯ ಇದಕ್ಕೆ ಸಮ್ಮತಿಸಿತು. ಆದರೂ ಸಾಮಾನ್ಯ ನೌಕರರ ಪಿಂಚಣಿಯಲ್ಲಿ ನೂರಕ್ಕೆ 4.5ರಷ್ಟು ಕಡಿತವಾಯಿತು, ಬೆಲೆಯೇರಿಕೆಗೆ ತಕ್ಕ ಹೆಚ್ಚಳವೂ ನಿಂತಿತು. ಚಿತ್ರಗಳು ಉಳಿದುದಕ್ಕೆ ದಾನಿಗಳನ್ನು ಎಲ್ಲರೂ ನೆನೆಯುತ್ತಾರೆ. ತಿಂಗಳು ತಿಂಗಳೂ ಅದರ ಬೆಲೆ ತೆರುತ್ತಿರುವ ಹಳೆಯ ಗುಮಾಸ್ತ, ಕಸಗುಡಿಸಿದವರನ್ನೂ ನೆನೆಯಬೇಕು.

ಆ ದೇಶದಲ್ಲಿರುವ ನನ್ನ ಶಿಷ್ಯರು ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ರಿವೇರಾನ ಗೋಡೆಗಳನ್ನು ನೋಡಬೇಕೆಂದು ನನ್ನ ಆಸೆ. ಮೊದಲು ಕಾರನ್ನು ಹುಡುಕಿರಿ; ಸಿಗುವುದು ತಡವಾಗುತ್ತದೆ. ಅಷ್ಟರಲ್ಲಿ ಮನುಷ್ಯರ ಮುಖಗಳೆಲ್ಲ ಕಣ್ಣಿಗೆ ಬಿದ್ದಿರುತ್ತವೆ.