ದಿನಕ್ಕೊಂದು ಮಾತ್ರೆ, ದಿನಕ್ಕೊಂದು ಪಯಣ: ಹಾಸನ ಜಿಲ್ಲೆಯ ತಾಲ್ಲೂಕುಗಳಲ್ಲಿ ಒಪಿಯಾಯ್ಡ್ ವ್ಯಸನದ ಚಿಕಿತ್ಸೆ

ಹಳೆ ಮೈಸೂರು ಸೀಮೆಯಲ್ಲಿ ವ್ಯಸನದ ಚಿಕಿತ್ಸೆ ಎಂದರೆ ಇವತ್ತಿಗೂ ಕುಡಿತ ಬಿಡಿಸುವುದೇ. ಇದಕ್ಕೆ ಕಾರಣವಿದೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಒಪಿಯಾಯ್ಡ್, ಅಂದರೆ ಅಫೀಮಿನ ಬಗೆಯ ಮಾದಕ, ಬಳಸುವವರು ಸುಮಾರು 2.26 ಕೋಟಿ. ಅದೇ ಸಮೀಕ್ಷೆ ಚಿಕಿತ್ಸೆಯ ನೆರವು ಬೇಕಾದವರನ್ನೂ ಲೆಕ್ಕಹಾಕಿದೆ: ಮದ್ಯದಲ್ಲಿ 5.7 ಕೋಟಿ, ಒಪಿಯಾಯ್ಡ್‌ನಲ್ಲಿ ಸುಮಾರು 77 ಲಕ್ಷ. ಎರಡರಲ್ಲೂ ಬಳಸುವವರ ಪೈಕಿ ಹೆಚ್ಚುಕಡಿಮೆ ಮೂರರಲ್ಲೊಬ್ಬರು. ಸಂಖ್ಯೆಯಲ್ಲಿ ಒಪಿಯಾಯ್ಡ್ ಚಿಕ್ಕದು, ಆದರೆ ಅದು ಕೇಳುವ ಚಿಕಿತ್ಸೆಯೇ ಬೇರೆ. ಕುಡಿತಕ್ಕೆಂದು ಕಟ್ಟಿಕೊಂಡ ವ್ಯವಸ್ಥೆಗೆ ಈ ರೋಗಿಯನ್ನೂ ತುರುಕಿದಾಗ ಏನಾಗುತ್ತದೆ, ಅವನಿಗೆ ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಕೊಡಲು ಯಾವ ಬಾಗಿಲು ಈಗಾಗಲೇ ತೆರೆದಿದೆ ಎಂಬುದು ಈ ಲೇಖನದ ವಿಚಾರ. ಹಾಸನ ನಗರ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಒಪಿಯಾಯ್ಡ್ ಎಂದೊಡನೆ ಹೆರಾಯಿನ್ ಕಣ್ಣಿಗೆ ಕಟ್ಟುತ್ತದೆ. ಸಮೀಕ್ಷೆಯಲ್ಲಿ ಹೆರಾಯಿನ್ ಬಳಸುವವರ ಪಾಲು ಜನಸಂಖ್ಯೆಯ ಶೇ. 1.14. ಆದರೆ ಔಷಧಿ ಅಂಗಡಿಯ ಮಾಲಾದ ನೋವುನಿವಾರಕ ಒಪಿಯಾಯ್ಡ್‌ಗಳ ಪಾಲು ಶೇ. 0.96, ಅಂದರೆ ಬಹುತೇಕ ಅಷ್ಟೇ. ನಮ್ಮ ಪಟ್ಟಣಗಳ ಮಟ್ಟಿಗೆ ಗಮನ ಕೊಡಬೇಕಾದದ್ದು ಈ ಎರಡನೆಯದಕ್ಕೆ. 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಎಂಬ ಇಂಥ ನೋವುನಿವಾರಕವನ್ನು ಮಾದಕವಸ್ತು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿಸಿದರು. ಅದಕ್ಕೆ ಬಲು ಹತ್ತಿರದ ಟ್ಯಾಪೆಂಟಡಾಲನ್ನು ಆಗ ಸೇರಿಸಲಿಲ್ಲ. ಒಂದು ಮಾತ್ರೆಯ ಮೇಲೆ ಬಿಗಿ ಹಿಡಿದರೆ ಬೇಡಿಕೆ ಪಕ್ಕದ ಮಾತ್ರೆಗೆ ಹೊರಳುತ್ತದೆ. ರಾಜ್ಯದ ನಗರಗಳಲ್ಲಿ ಪೊಲೀಸರು ಮತ್ತೆ ಮತ್ತೆ ವಶಪಡಿಸಿಕೊಂಡಿರುವ ಟ್ಯಾಪೆಂಟಡಾಲ್ ಇದಕ್ಕೆ ಸಾಕ್ಷಿ. ಬಿಗಿ ಬೇಡವೆಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ನೋವಿನಲ್ಲಿ ನರಳುವವರಿಗೆ ಇವೇ ಮದ್ದು ಎಂಬುದನ್ನು ಮರೆಯದೆ, ಬಿಗಿಯಾದ ಊರಿನಲ್ಲಿ ಚಿಕಿತ್ಸೆಯೂ ಜೊತೆಗೇ ಇರಬೇಕು ಎನ್ನುತ್ತಿದ್ದೇನೆ. ಮಾತ್ರೆ ಸಿಗದ ದಿನವೇ ರೋಗಿ ಆಸ್ಪತ್ರೆಯ ಕಡೆ ತಿರುಗುವ ದಿನ.

ಹಾಸನ ಸೀಮೆಯ ಮನೆಯವರಿಗೆ ಗೊತ್ತಿರುವ ಚಿಕಿತ್ಸೆಯ ಮಾದರಿ ಯಾವುದು? ಆಸ್ಪತ್ರೆಗಿಂತ ಮೊದಲು ನೆನಪಾಗುವುದು ಮದ್ಯವರ್ಜನ ಶಿಬಿರ. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಮೂರು ದಶಕಗಳಿಂದ ಊರೂರಿನಲ್ಲಿ ನಡೆಸಿಕೊಂಡು ಬಂದ ಎಂಟು ದಿನಗಳ ವಸತಿ ಶಿಬಿರವಿದು. ಸಮುದಾಯ ಭವನವೋ ಕಲ್ಯಾಣ ಮಂಟಪವೋ ಅದರ ಜಾಗ, ಊರಿನ ಹಿರಿಯರದೇ ವ್ಯವಸ್ಥಾಪನಾ ಸಮಿತಿ. ವ್ಯಾಯಾಮ, ಭಜನೆ, ಸಲಹೆ, ಮನೆಯವರನ್ನು ಕರೆಸಿ ಮಾತಾಡಿಸುವ ದಿನ, ಆಮೇಲೆ ಶಿಬಿರ ಮುಗಿಸಿದವರ ನವಜೀವನ ಸಮಿತಿಯ ಸಭೆಗಳು. ಆರೋಗ್ಯ ಸೇವೆಯ ಪಂಡಿತರು ಇದನ್ನು ಧಾರ್ಮಿಕ ಚಟುವಟಿಕೆಯೆಂದು ಬದಿಗಿಡುವುದುಂಟು. ಅದು ಸರಿಯಲ್ಲ. ಊರಿಗೇ ಬರುವುದು, ಸೇರಿದವನಿಗೆ ಅವಮಾನವಾಗದಂತೆ ನೋಡಿಕೊಳ್ಳುವುದು, ಮುಗಿದ ಮೇಲೂ ಕೈಬಿಡದಿರುವುದು, ಈ ಮೂರನ್ನೂ ಸರ್ಕಾರಿ ವ್ಯವಸ್ಥೆಗಿಂತ ಶಿಬಿರ ಚೆನ್ನಾಗಿ ಮಾಡಿದೆ.

ತೊಡಕಿರುವುದು ಎಂಟು ದಿನದ ಲೆಕ್ಕದಲ್ಲಿ. ಟ್ಯಾಪೆಂಟಡಾಲ್ ಅಥವಾ ಹೆರಾಯಿನ್ ನಿಲ್ಲಿಸಿದವನಿಗೆ ಅರ್ಧ ದಿನದೊಳಗೆ ಆಕಳಿಕೆ, ಕಣ್ಣುಮೂಗಿನಲ್ಲಿ ನೀರು, ಮೈ ಜುಮ್ಮೆನ್ನುವುದು ಶುರುವಾಗುತ್ತದೆ. ಎರಡು ಮೂರನೆಯ ದಿನ ಕೈಕಾಲು ಸೆಳೆತ, ವಾಂತಿ, ಭೇದಿ, ನಿದ್ದೆಗೇಡು ತುತ್ತತುದಿ ಮುಟ್ಟುತ್ತವೆ. ವಾರದ ಹೊತ್ತಿಗೆ ಇಳಿಯುತ್ತವೆ. ಹೊರಗಿನಿಂದ ನೋಡುವವರಿಗೆ ಇದು ಗುಣವಾದಂತೆಯೇ. ಒಳಗೆ ಆಗಿರುವುದು ಬೇರೆ: ದೇಹ ರೂಢಿಸಿಕೊಂಡಿದ್ದ ಸಹಿಷ್ಣುತೆ ಕುಸಿದಿದೆ, ಆಸೆ ಮಾತ್ರ ಹೋಗಿಲ್ಲ. ಎಂಟನೆಯ ದಿನ ಹಾರ ಹಾಕಿಸಿಕೊಂಡು ಹೊರಬಂದವನು ಹದಿನೈದನೆಯ ದಿನ ತನ್ನ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಲ್ಲಬಹುದು. ಕುಡಿತದಲ್ಲಿ ಅಪಾಯ ನಿಲ್ಲಿಸುವ ದಿನಗಳಲ್ಲಿ ಹೆಚ್ಚು. ಒಪಿಯಾಯ್ಡ್‌ನಲ್ಲಿ ನಿಲ್ಲಿಸಿದ ಮೇಲಿನ ವಾರಗಳಲ್ಲಿ ಹೆಚ್ಚು. ಇವೆರಡನ್ನೂ ಒಂದೇ ಶಿಬಿರದಲ್ಲಿ ಕೂರಿಸಲಾಗದು ಎನ್ನಲು ಈ ಒಂದು ಕಾರಣ ಸಾಕು.

ಆದ್ದರಿಂದ ಒಪಿಯಾಯ್ಡ್ ವ್ಯಸನಕ್ಕೆ ಜಗತ್ತು ಒಪ್ಪಿರುವ ಮುಖ್ಯ ಚಿಕಿತ್ಸೆ ಬಿಡಿಸುವುದಲ್ಲ, ಬದಲಿ ಔಷಧದ ಮೇಲೆ ನಿಲ್ಲಿಸುವುದು. 1965ರಲ್ಲಿ ನ್ಯೂಯಾರ್ಕಿನ ಡೋಲ್ ಮತ್ತು ನೈಸ್ವಾಂಡರ್ ಮೆಥಡೋನ್‌ನಿಂದ ಇದನ್ನು ತೋರಿಸಿದರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಎರಡನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2017ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಮೆಥಡೋನ್ ಚಿಕಿತ್ಸೆಯೊಳಗಿದ್ದವರ ಸಾವು 1000 ವ್ಯಕ್ತಿ-ವರ್ಷಕ್ಕೆ 11.3, ಚಿಕಿತ್ಸೆಯಿಂದ ಹೊರಬಿದ್ದವರದು 36.1. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬುಪ್ರೆನಾರ್ಫಿನ್, ನಾಲಿಗೆಯ ಕೆಳಗಿಟ್ಟು ಕರಗಿಸುವ ಮಾತ್ರೆ. ಒಂದು ಮಟ್ಟ ದಾಟಿದ ಮೇಲೆ ಪ್ರಮಾಣ ಏರಿಸಿದರೂ ಉಸಿರನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ ಎಂಬುದು ಇದರ ಸುರಕ್ಷತೆಯ ಗುಟ್ಟು. ಮನೆಯವರು ಕೇಳುವ ಪ್ರಶ್ನೆ ಎಲ್ಲ ಕಡೆ ಒಂದೇ: "ಒಂದು ಚಟ ಬಿಡ್ಸಕ್ಕೆ ಇನ್ನೊಂದು ಚಟ ಹಚ್ತೀರಾ ಡಾಕ್ಟ್ರೇ?" ಸಕ್ಕರೆ ಕಾಯಿಲೆಯವನ ಇನ್ಸುಲಿನ್‌ಗೆ ಯಾರೂ ಚಟವೆನ್ನುವುದಿಲ್ಲ ಎಂದು ಉತ್ತರ ಕೊಟ್ಟರೆ ತಲೆದೂಗುತ್ತಾರೆ, ಒಪ್ಪುವುದಿಲ್ಲ. ಮಗ ಮತ್ತೆ ಕೆಲಸಕ್ಕೆ ಹೋಗಲು ಶುರುಮಾಡಿದ ತಿಂಗಳು ತಾವಾಗಿಯೇ ಒಪ್ಪುತ್ತಾರೆ.

ಆದರೆ ಆ ಮಾತ್ರೆ ಸಿಗುವ ದಾರಿ ಇಕ್ಕಟ್ಟಿನದು. ಬುಪ್ರೆನಾರ್ಫಿನ್ ಎನ್‌ಡಿಪಿಎಸ್ ಪಟ್ಟಿಯ ಔಷಧ; ವ್ಯಸನದ ಚಿಕಿತ್ಸೆಗೆ ಬಳಸುವ ಮಾತ್ರೆಯನ್ನು ಗೊತ್ತುಪಡಿಸಿದ ವ್ಯಸನಮುಕ್ತಿ ಕೇಂದ್ರಗಳಿಗೆ ಮತ್ತು ಆ ಸೌಲಭ್ಯವಿರುವ ಆಸ್ಪತ್ರೆಗಳಿಗೆ ಮಾತ್ರ ಪೂರೈಸಬೇಕೆಂಬ ನಿರ್ಬಂಧವಿದೆ. ಅಂಗಡಿಯಲ್ಲಿ ಚಟದ ಮಾತ್ರೆ ಕದ್ದುಮುಚ್ಚಿಯಾದರೂ ಸಿಕ್ಕೀತು, ಚಟ ಹಿಡಿತಕ್ಕೆ ತರುವ ಮಾತ್ರೆ ಸಿಗದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನಡೆಸುವ ಬದಲಿ ಚಿಕಿತ್ಸೆಯ ಉದ್ದೇಶ ಎಚ್‌ಐವಿ ತಡೆ. ಆದ್ದರಿಂದ ಅದು ಸೂಜಿ ಚುಚ್ಚಿಕೊಳ್ಳುವವರಿಗಾಗಿ ರೂಪುಗೊಂಡಿದೆ, ಮಾತ್ರೆ ನುಂಗುವವನು ಅದರ ಅಳತೆಗೆ ಬೀಳುವುದಿಲ್ಲ. ಅಲ್ಲಿಯ ಮೂಲ ಪದ್ಧತಿಯೂ ದಿನಾ ಬಂದು ಸಿಬ್ಬಂದಿಯ ಕಣ್ಣೆದುರೇ ಮಾತ್ರೆ ತೆಗೆದುಕೊಳ್ಳುವುದು.

ಈ "ದಿನಾ ಬರುವುದು" ಹಾಸನದ ಭೂಪಟದ ಮೇಲೆ ಏನು ಮಾಡುತ್ತದೆ ನೋಡಿ. ಹಾಸನದಲ್ಲಿ 2006ರಲ್ಲಿ ಶುರುವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಹಿಮ್ಸ್, ಇದೆ, ಬೋಧಕ ಆಸ್ಪತ್ರೆಯಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಲ್ಲಿಂದ ಸುಮಾರು 30ರಿಂದ 40 ಕಿಲೋಮೀಟರ್. ಕಾಗದದ ಮೇಲೆ ಇದು ದೂರವೇ ಅಲ್ಲ. ಆದರೆ ಅರಕಲಗೂಡಿಗೆ ರೈಲಿಲ್ಲ. ರಾಮನಾಥಪುರ, ಕೊಣನೂರಿನ ಕಡೆಯವನು ಮೊದಲು ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ಹಾಸನಕ್ಕೆ ಬಸ್ ಹಿಡಿಯಬೇಕು. ಹೊಗೆಸೊಪ್ಪು ಬೇಯಿಸುವ, ಶುಂಠಿ ಕೀಳುವ ದಿನಗಳಲ್ಲಿ ಬೆಳಗಿನ ಹೊತ್ತು ಹೋದರೆ ಆ ದಿನದ ಕೂಲಿ ಹೋದಂತೆ. ಚನ್ನರಾಯಪಟ್ಟಣದ ಲಾರಿ ಕ್ಲೀನರ್‌ಗೆ ಬೆಂಗಳೂರು-ಮಂಗಳೂರು ಹೆದ್ದಾರಿಯೇ ಮನೆ. ನಿತ್ಯ ಒಂದೇ ಕಿಟಕಿಯ ಮುಂದೆ ನಿಲ್ಲು ಎಂದರೆ ಕೆಲಸ ಬಿಡು ಎಂದಂತೆ. ಚಿಕಿತ್ಸೆಯ ಗುರಿ ಅವನನ್ನು ದುಡಿಮೆಯಲ್ಲಿ ಉಳಿಸುವುದಾದರೆ, ದುಡಿಮೆ ತಪ್ಪಿಸುವ ಚಿಕಿತ್ಸೆಯನ್ನು ಅವನು ಎರಡನೆಯ ವಾರವೇ ಬಿಟ್ಟರೆ ಆಶ್ಚರ್ಯಪಡಬೇಕಿಲ್ಲ. ಕಡತದಲ್ಲಿ ಆಗ ಬರೆಯುವುದು "ರೋಗಿ ಸಹಕರಿಸಲಿಲ್ಲ" ಎಂದು.

ಇದಕ್ಕೆ ದಾರಿ ಹೊಸದಾಗಿ ಕಡಿಯಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲ ಮಾದರಿ ಹುಟ್ಟಿದ್ದೇ ಕರ್ನಾಟಕದಲ್ಲಿ, 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ. 2014ರಲ್ಲಿ ರಾಜ್ಯ ಮನೋಚೈತನ್ಯ ಕಾರ್ಯಕ್ರಮ ತಂದಿತು: ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ಹೊರರೋಗಿಗಳನ್ನು ನೋಡಬೇಕು. ಸಂತೆಗೆ ಬಂದಂತೆ ಚಿಕಿತ್ಸೆಗೂ ಬರಬಹುದಾದ ವಾರದ ದಿನವೊಂದು ಆಗಲೇ ಗೊತ್ತಾಗಿದೆ ಎಂದಾಯಿತು. ನನ್ನ ವಾದವಿಷ್ಟೇ: ಬುಪ್ರೆನಾರ್ಫಿನ್ ಆರಂಭ ಹಿಮ್ಸ್‌ನಲ್ಲಾಗಲಿ, ಮುಂದುವರಿಕೆ ಮಂಗಳವಾರದ ತಾಲ್ಲೂಕು ಕ್ಲಿನಿಕ್‌ನಲ್ಲಾಗಲಿ, ಸ್ಥಿರವಾದವನಿಗೆ ಒಂದು ವಾರದ, ಆಮೇಲೆ ಎರಡು ವಾರದ ಮಾತ್ರೆಯನ್ನು ಮನೆಗೆ ಕೊಡಲಿ. ಮೊದಲ ಮಾತ್ರೆಗೆ ಎಚ್ಚರ ಬೇಕು ನಿಜ. ಹಿಂದಿನ ಮಾತ್ರೆಯ ಪ್ರಭಾವ ಇಳಿಯುವ ಮುನ್ನ ಕೊಟ್ಟರೆ ಚಟ ನಿಲ್ಲಿಸಿದಾಗಿನ ಹಿಂಸೆ ಒಮ್ಮೆಲೇ ಉಲ್ಬಣಿಸುತ್ತದೆ. ಅದನ್ನು ಬಲ್ಲ ವೈದ್ಯರು ಸಾಕಷ್ಟಿಲ್ಲವೆಂಬ ಆಕ್ಷೇಪಕ್ಕೆ ನಿಮ್ಹಾನ್ಸ್ ಉತ್ತರ ಕೊಟ್ಟಿದೆ: ಅಲ್ಲಿಯ ವ್ಯಸನ ವಿಭಾಗದ ತಜ್ಞರು ದೂರದ ವೈದ್ಯರೊಂದಿಗೆ ವಿಡಿಯೊದಲ್ಲಿ ರೋಗಿಗಳ ವಿಷಯ ಚರ್ಚಿಸಿ ತರಬೇತಿ ಕೊಡುವ ಜಾಲ ವರ್ಷಗಳಿಂದ ನಡೆಯುತ್ತಿದೆ. ಚನ್ನರಾಯಪಟ್ಟಣಕ್ಕೆ ದೂರವಲ್ಲದ ತುರುವೇಕೆರೆಯಲ್ಲಿ ತೀವ್ರ ಮಾನಸಿಕ ರೋಗಿಗಳನ್ನು ತಾಲ್ಲೂಕು ಮಟ್ಟದಲ್ಲೇ ವರ್ಷಗಟ್ಟಲೆ ಹಿಡಿದಿಟ್ಟ ನಿಮ್ಹಾನ್ಸ್ ಕಾರ್ಯಕ್ರಮವೂ ಕಣ್ಣ ಮುಂದಿದೆ.

ಮನೆಗೆ ಕೊಟ್ಟ ಮಾತ್ರೆ ಮಾರಾಟವಾಗುತ್ತದೆ ಎಂಬ ಭಯ ಸುಳ್ಳಲ್ಲ. ಪಂಜಾಬಿನಲ್ಲಿ ಅದು ಆಗಿದೆ. ಆದರೆ 2017ರಿಂದ ಹೊರರೋಗಿ ಬುಪ್ರೆನಾರ್ಫಿನ್ ಕ್ಲಿನಿಕ್‌ಗಳನ್ನು ನಡೆಸಿದ ಅದೇ ಪಂಜಾಬ್ 2020ರ ಲಾಕ್‌ಡೌನ್‌ನಲ್ಲಿ ಮನೆಗೆ ಮಾತ್ರೆ ಕೊಟ್ಟು ಲಕ್ಷಾಂತರ ಜನರ ಚಿಕಿತ್ಸೆ ನಿಲ್ಲದಂತೆ ನೋಡಿಕೊಂಡಿತು. ಫ್ರಾನ್ಸ್ 1995ರಲ್ಲಿ ಸಾಮಾನ್ಯ ವೈದ್ಯರಿಗೆ ಈ ಔಷಧ ಬರೆಯಲು ಬಿಟ್ಟಾಗಲೂ ಸೋರಿಕೆ ಇತ್ತು. ನಾಲ್ಕೇ ವರ್ಷದಲ್ಲಿ ಅತಿಸೇವನೆಯ ಸಾವು ಶೇ. 79ರಷ್ಟು ಇಳಿಯಿತು. ಸೋರಿಕೆಯನ್ನು ಸಾವಿನ ಜೊತೆಗಿಟ್ಟು ತೂಗದೆ, ಅದನ್ನೊಂದೇ ತೂಗುವುದು ಆಡಳಿತದ ಅಭ್ಯಾಸ.

ಆಸ್ಪತ್ರೆಯ ಬಾಗಿಲಲ್ಲಿ ಇನ್ನೊಂದು ಭಯ ಕಾಯುತ್ತಿರುತ್ತದೆ: "ಹೆಸರು ಬರ್ಕೊಂಡು ಪೊಲೀಸ್ನೋರಿಗೆ ಹೇಳ್ತಾರಂತೆ." ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಮದ್ಯ ಮತ್ತು ಮಾದಕವಸ್ತು ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅನಾರೋಗ್ಯದೊಳಗೆ ಸೇರಿಸಿದೆ, 23ನೆಯ ಕಲಂನಲ್ಲಿ ಗೋಪ್ಯತೆಯ ಹಕ್ಕು ಕೊಟ್ಟಿದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಆದರೆ ಅದೇ ಕಲಂ ಚಿಕಿತ್ಸೆಯನ್ನು ಪೂರ್ಣವಾಗಿ ಪಡೆಯದವನಿಂದ ಆ ರಕ್ಷಣೆ ಹಿಂತೆಗೆಯಬಹುದು ಎನ್ನುತ್ತದೆ. ವರ್ಷಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ ಪೂರ್ಣವಾಗುವುದು ಎಂದು? ಕಾನೂನು ಬರೆದವರ ಮನಸ್ಸಿನಲ್ಲೂ ಇದ್ದದ್ದು ಎಂಟು ದಿನದ ಶಿಬಿರದಂಥದ್ದೇ ಏನೋ ಎಂದು ನನಗೆ ಅನ್ನಿಸಿದೆ. ಕ್ಲಿನಿಕ್‌ಗೆ ತಪ್ಪದೆ ಬರುತ್ತಿರುವುದನ್ನೇ ಚಿಕಿತ್ಸೆ ಪೂರ್ಣವಾಗಿ ಪಡೆಯುತ್ತಿರುವುದಾಗಿ ಪರಿಗಣಿಸುವಂತೆ ರಾಜ್ಯ ಸರ್ಕಾರ ಪೊಲೀಸರಿಗೂ ಅಭಿಯೋಜಕರಿಗೂ ಸುತ್ತೋಲೆ ಹೊರಡಿಸಬಹುದು.

ಸರ್ಕಾರಿ ದಾರಿ ಕಾಣದ ಮನೆಯವರು ದುಡ್ಡು ಹೊಂದಿಸಿಕೊಂಡು ಖಾಸಗಿ ಕೇಂದ್ರಕ್ಕೆ ಸೇರಿಸುತ್ತಾರೆ. ಒಳ್ಳೆಯವೂ ಇವೆ, ಕೂಡಿಹಾಕುವುದನ್ನೇ ಚಿಕಿತ್ಸೆ ಎಂದುಕೊಂಡವೂ ಇವೆ. ಸರಪಳಿ ಹಾಕುವುದನ್ನು 2017ರ ಕಾಯ್ದೆ ಪೂರ್ತಿಯಾಗಿ ನಿಷೇಧಿಸಿದೆ. ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿರುವವನ ಮೊದಲ ದಾಖಲಾತಿಗೆ 30 ದಿನದ ಮಿತಿಯಿಟ್ಟಿದೆ. ಅಂಥ ಕಡೆಯಿಂದ ಹೊರಬಂದವನು ಮತ್ತೆ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲು ಹೆದರುತ್ತಾನೆ. ಅವನ ಸಹಿಷ್ಣುತೆಯೂ ಕುಸಿದಿರುತ್ತದೆ. ಆದ್ದರಿಂದ ಬಿಡುಗಡೆಯ ದಿನವೇ ಮುಂದಿನ ಮಂಗಳವಾರದ ಚೀಟಿ ಕೈಗಿಡುವ ನಿಯಮ ಬೇಕು. ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಪಿಯಾಯ್ಡ್ ಅತಿಸೇವನೆಗೆ ಕೊಡುವ ನಲಾಕ್ಸೋನ್ ಚುಚ್ಚುಮದ್ದು ಇರಬೇಕು.

ಹೆಂಗಸರ ವಿಷಯ ಬೇರೆಯಾಗಿಯೇ ಬರೆಯಬೇಕಾದದ್ದು. ಇಲ್ಲಿ ಅವರು ಹೆಚ್ಚಾಗಿ ಕಾಣುವುದು ಆರೈಕೆ ಮಾಡುವವರಾಗಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ, ಹೆಂಡತಿಗೆ ಬಸ್ ಪಯಣ ಉಚಿತ, ರೋಗಿಯಾದ ಮಗನಿಗೆ ಟಿಕೆಟ್. ಮನೆಗೊಯ್ಯುವ ಮಾತ್ರೆಯನ್ನು ಮನೆಯವರ ಕೈಗೆ ಕೊಟ್ಟು, ಅವರ ಉಸ್ತುವಾರಿಯಲ್ಲಿ ಕೊಡಿಸುವ ಕ್ರಮವನ್ನು ಈ ಸೀಮೆಯಲ್ಲಿ ಜಾರಿಗೆ ತಂದರೆ ಆ ಪಯಣಕ್ಕೆ ಕಾಸೂ ಖರ್ಚಾಗದು. ಎಲ್ಲ ಹೊರೆಯನ್ನೂ ತಾಯಂದಿರ ತಲೆಗೇ ಕಟ್ಟುವ ಅಪಾಯ ಇದರಲ್ಲಿದೆ; ಆದ್ದರಿಂದ ತಿಂಗಳಿಗೊಮ್ಮೆಯಾದರೂ ರೋಗಿಯೇ ಬರಬೇಕೆಂದಿರಲಿ.

ಉಳಿದದ್ದು ತಪ್ಪಿಸಿಕೊಂಡವನ ಪ್ರಶ್ನೆ. ಎರಡು ಮಂಗಳವಾರ ಬಾರದೆ ಮೂರನೆಯ ಮಂಗಳವಾರ ಬಂದವನನ್ನು, ಮೂತ್ರ ಪರೀಕ್ಷೆಯಲ್ಲಿ ಹಳೆಯ ಮಾತ್ರೆ ಕಂಡಿತೆಂದು, ಪಟ್ಟಿಯಿಂದ ಹೊಡೆದುಹಾಕುವ ಪದ್ಧತಿ ಹಲವು ಕಡೆ ಇದೆ. ಮತ್ತೆ ಮರಳುವುದು ಈ ಕಾಯಿಲೆಯ ಲಕ್ಷಣ. ಲಕ್ಷಣ ಕಂಡಿತೆಂದು ಕಾಯಿಲೆಯವನನ್ನು ಹೊರಗೆ ಹಾಕಿದರೆ ಅವನು ಮೇಲಿನ ಲೆಕ್ಕದ 36.1ರ ಗುಂಪಿಗೆ ಸೇರುತ್ತಾನೆ. ವೈದ್ಯರು ಮಾಡಬೇಕಾದದ್ದು ಕೊನೆಯ ಸಲ ಏನನ್ನು, ಯಾವಾಗ ತೆಗೆದುಕೊಂಡೆ ಎಂದು ಕೇಳುವುದು, ಚಟ ನಿಲ್ಲಿಸಿದಾಗಿನ ಹಿಂಸೆಯ ಲಕ್ಷಣ ಶುರುವಾಗುವವರೆಗೆ ಕಾಯಿಸುವುದು, ಕಡಿಮೆ ಪ್ರಮಾಣದಿಂದ ಮತ್ತೆ ಆರಂಭಿಸುವುದು, ಮುಂದಿನ ಒಂದೆರಡು ವಾರ ಮನೆಗೆ ಕೊಡುವ ಮಾತ್ರೆಯನ್ನು ಕಡಿಮೆ ದಿನಗಳದ್ದಾಗಿಸುವುದು. ಇಷ್ಟಕ್ಕೆ ಬೇಕಾಗುವುದು ಮೂರು ತಾಲ್ಲೂಕು ಆಸ್ಪತ್ರೆಗಳಿಗೆ ಬುಪ್ರೆನಾರ್ಫಿನ್ ದಾಸ್ತಾನಿಡುವ ಅನುಮತಿ, ಬೀಗ ಹಾಕಿದ ಕಪಾಟು, ಲೆಕ್ಕದ ರಿಜಿಸ್ಟರ್, ಮತ್ತು ವಾರದ ಉಳಿದ ದಿನಗಳಲ್ಲೂ ಈ ಔಷಧ ಕೊಡಲು ತರಬೇತಿ ಪಡೆದ ಒಬ್ಬ ವೈದ್ಯಾಧಿಕಾರಿ.