ಆರ್‌ಎಫ್‌ಐಡಿ ಆವರ್ತನ ಪಟ್ಟಿಗಳು

ರೇಡಿಯೋ ಆವರ್ತನ ಗುರುತಿಸುವಿಕೆ (ಆರ್‌ಎಫ್‌ಐಡಿ) ಎಂಬುದು ಟ್ಯಾಗಿನಲ್ಲಿರುವ ಮಾಹಿತಿಯನ್ನು ರೇಡಿಯೋ ಅಲೆಗಳ ನೆರವಿನಿಂದ ಓದುವ ತಂತ್ರಜ್ಞಾನ. ಬಹುಪಾಲು ಟ್ಯಾಗ್‌ಗಳಲ್ಲಿ ಬ್ಯಾಟರಿ ಇರುವುದಿಲ್ಲ. ರೀಡರ್ ಹೊಮ್ಮಿಸುವ ಶಕ್ತಿಯಿಂದಲೇ ಅವು ಕೆಲಸ ಮಾಡುತ್ತವೆ. ಟ್ಯಾಗನ್ನು ಎಷ್ಟು ದೂರದಿಂದ ಓದಬಹುದು, ನೀರು ಮತ್ತು ಲೋಹ ಎಷ್ಟು ಅಡ್ಡಿಯಾಗುತ್ತವೆ ಎಂಬುದನ್ನು ಬಹುಮಟ್ಟಿಗೆ ಆವರ್ತನವೇ ನಿರ್ಧರಿಸುತ್ತದೆ. ಮಾರತ್ತಹಳ್ಳಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳನ್ನು ಒಳಗೊಂಡ ಬೆಂಗಳೂರಿನ ಹೊರವಲಯದಲ್ಲಿ ಇದರ ಮುಖ್ಯ ಪಟ್ಟಿಗಳು ನಿತ್ಯ ಬಳಕೆಯಲ್ಲಿವೆ.

ಕೆಳ ಮತ್ತು ಉನ್ನತ ಆವರ್ತನ

ಕೆಳ ಆವರ್ತನ ಪಟ್ಟಿಯಲ್ಲಿ 125 ಮತ್ತು 134.2 ಕಿಲೋಹರ್ಟ್ಸ್ ಪ್ರಮುಖವಾದವು. ಓದುವ ದೂರ ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್ ಮಾತ್ರ. ನೀರಿನಂಶವಿರುವ ದೇಹದ ಮೂಲಕವೂ ಹಾಯುವುದರಿಂದ ಪ್ರಾಣಿಗಳ ಚರ್ಮದಡಿಯ ಚಿಪ್‌ಗಳಿಗೆ 134.2 ಕಿಲೋಹರ್ಟ್ಸ್ ಬಳಸಲಾಗುತ್ತದೆ. ಕಚೇರಿ ಬಾಗಿಲುಗಳ ಹಳೆಯ ಕಾರ್ಡ್‌ಗಳು 125 ಕಿಲೋಹರ್ಟ್ಸ್‌ನವು. ಇವುಗಳಲ್ಲಿ ಹಲವು ಗೂಢಲಿಪೀಕರಣವಿಲ್ಲದೆ ಒಂದು ಸ್ಥಿರ ಸಂಖ್ಯೆಯನ್ನಷ್ಟೇ ಕಳುಹಿಸುವುದರಿಂದ ಸುಲಭವಾಗಿ ನಕಲಾಗುತ್ತವೆ.

13.56 ಮೆಗಾಹರ್ಟ್ಸ್‌ನ ಉನ್ನತ ಆವರ್ತನ ಕಾರ್ಡ್‌ಗಳೂ ನೋಟಕ್ಕೆ ಅವುಗಳಂತೆಯೇ ಇರುತ್ತವೆ. ಆದರೆ ಒಂದರ ರೀಡರ್ ಇನ್ನೊಂದನ್ನು ಓದದು. 2011ರ ಅಕ್ಟೋಬರ್ 20ರಂದು ಆರಂಭವಾದ ನಮ್ಮ ಮೆಟ್ರೋದ ಟೋಕನ್ ಮತ್ತು ಸ್ಮಾರ್ಟ್ ಕಾರ್ಡ್ ಈ ಪಟ್ಟಿಯವು. ಮೆಟ್ರೋ 2014ರಲ್ಲಿ ಪೀಣ್ಯವನ್ನೂ 2023ರಲ್ಲಿ ವೈಟ್‌ಫೀಲ್ಡನ್ನೂ 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ತಲುಪಿತು. ಇಲ್ಲಿ ಅಲ್ಪ ದೂರವೇ ಅನುಕೂಲ: ಹಿಂದೆ ನಿಂತವರ ಕಾರ್ಡಿಗೆ ಗೇಟು ತೆರೆಯಬಾರದು. ಆವರ್ತನ ಹೆಚ್ಚಿದ ಮಾತ್ರಕ್ಕೆ ಭದ್ರತೆ ಹೆಚ್ಚುವುದಿಲ್ಲ. ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಮೈಫೇರ್ ಕ್ಲಾಸಿಕ್ ಕಾರ್ಡಿನ ಗೂಢಲಿಪಿಯನ್ನು ಸಂಶೋಧಕರು 2008ರಲ್ಲಿ ಭೇದಿಸಿ ತೋರಿಸಿದರು.

ಅತ್ಯುನ್ನತ ಆವರ್ತನ

ಅಂತರರಾಷ್ಟ್ರೀಯವಾಗಿ 860ರಿಂದ 960 ಮೆಗಾಹರ್ಟ್ಸ್ ವ್ಯಾಪ್ತಿಯ ಈ ಪಟ್ಟಿಯಲ್ಲಿ ಟ್ಯಾಗ್ ತನ್ನ ಮೇಲೆ ಬಿದ್ದ ಅಲೆಯನ್ನೇ ಮಾರ್ಪಡಿಸಿ ಹಿಂದಕ್ಕೆ ಪ್ರತಿಫಲಿಸುತ್ತದೆ. ಬ್ಯಾಟರಿಯಿಲ್ಲದ ಟ್ಯಾಗನ್ನೂ ಹಲವು ಮೀಟರ್ ದೂರದಿಂದ ಓದಬಹುದು. ಎಲೆಕ್ಟ್ರಾನಿಕ್ ಸಿಟಿ ಮೇಲುರಸ್ತೆಯ ಟೋಲ್‌ನಲ್ಲಿ ಓದಲಾಗುವ ಫಾಸ್ಟ್ಯಾಗ್ ಈ ಬಗೆಯದು; ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಲ್ಲಿ ಅದು 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ಕಡ್ಡಾಯವಾಯಿತು. ಕಾರ್ಖಾನೆಯಲ್ಲೇ ತುಂಬಿ ಮುಚ್ಚುವ ರಫ್ತು ಕಂಟೇನರುಗಳಿಗೆ ಸುಂಕ ಇಲಾಖೆ 2017ರಲ್ಲಿ ಜಾರಿಗೆ ತಂದ ಇಲೆಕ್ಟ್ರಾನಿಕ್ ಮುದ್ರೆಯೂ ಇದೇ ಪಟ್ಟಿಯದು. ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ, ಲೋಹ ಪ್ರತಿಫಲಿಸುತ್ತದೆ. ಆದ್ದರಿಂದ ಪೀಣ್ಯದಂತಹ ಯಂತ್ರೋದ್ಯಮ ಪ್ರದೇಶದಲ್ಲಿ ಕಬ್ಬಿಣದ ಬಿಡಿಭಾಗಗಳಿಗೆ ಸಾಮಾನ್ಯ ಸ್ಟಿಕ್ಕರ್ ಸಾಲದು. ಟ್ಯಾಗಿಗೂ ಲೋಹಕ್ಕೂ ನಡುವೆ ಅಂತರ ಕಲ್ಪಿಸುವ ವಿಶೇಷ ಟ್ಯಾಗ್ ಬೇಕಾಗುತ್ತದೆ.

ಭಾರತ 2005ರ ನಿಯಮಗಳ ಮೂಲಕ 865–867 ಮೆಗಾಹರ್ಟ್ಸ್ ಪಟ್ಟಿಯನ್ನು ಆರ್‌ಎಫ್‌ಐಡಿಗಾಗಿ ಪರವಾನಗಿಯಿಂದ ಮುಕ್ತಗೊಳಿಸಿತು. ಟ್ರಾನ್ಸ್‌ಮಿಟರ್ ಶಕ್ತಿಯ ಮಿತಿ 1 ವ್ಯಾಟ್, ಆಂಟೆನಾ ಸೇರಿದ ಪರಿಣಾಮಕಾರಿ ವಿಕಿರಣ ಶಕ್ತಿಯ ಮಿತಿ 4 ವ್ಯಾಟ್. 2021ರಲ್ಲಿ ಪಟ್ಟಿಯನ್ನು 868ರವರೆಗೆ ವಿಸ್ತರಿಸಲಾಯಿತು. ಅಮೆರಿಕದ ಪಟ್ಟಿ 902–928 ಮೆಗಾಹರ್ಟ್ಸ್. ಇದರ ಕೆಳಭಾಗವು ಭಾರತದಲ್ಲಿ ಮೊಬೈಲ್ ಫೋನುಗಳು ಗೋಪುರಕ್ಕೆ ಸಂಕೇತ ಕಳುಹಿಸುವ 890–915 ಮೆಗಾಹರ್ಟ್ಸ್ ಭಾಗದೊಂದಿಗೆ ಅತಿಕ್ರಮಿಸುತ್ತದೆ. ಆ ದೇಶಕ್ಕೆಂದು ತಯಾರಾದ ರೀಡರನ್ನು ಇಲ್ಲಿನ ಗೋದಾಮಿನಲ್ಲಿ ಹಾಗೆಯೇ ಬಳಸುವುದು ನಿಯಮಬಾಹಿರ. ಸುತ್ತಲಿನ ಮೊಬೈಲ್ ಜಾಲಕ್ಕೂ ಅಡಚಣೆ. ಟ್ಯಾಗಿಗೆ ಈ ತೊಡಕಿಲ್ಲ. ಬಹುತೇಕ ಟ್ಯಾಗ್‌ಗಳ ಆಂಟೆನಾ 860–960 ಮೆಗಾಹರ್ಟ್ಸ್‌ನ ಉದ್ದಕ್ಕೂ ಸ್ಪಂದಿಸುವಂತೆ ರೂಪಿಸಲ್ಪಟ್ಟಿರುವುದರಿಂದ, ಅಲ್ಲಿ ಅಂಟಿಸಿದ ಟ್ಯಾಗನ್ನು ಇಲ್ಲಿನ 866 ಮೆಗಾಹರ್ಟ್ಸ್ ರೀಡರ್ ಓದಬಲ್ಲದು.